ತೊಗರಿ, ಜೋಳ ಹಾಕಿದ ಚಳಿಗಾಲದ ಸೂಪು: ಕೆಟ್ಟದ್ದು, ಕೂಡಿಬಂದದ್ದು

ಕೆಲಸ ಏನು

ನಮ್ಮ ಅಪ್ಪನ ಉಳಿದ ಹಲ್ಲುಗಳನ್ನೂ ಡಿಸೆಂಬರ್ ಮೊದಲ ವಾರದಲ್ಲಿ ತೆಗೆಸಿಯಾಯಿತು. ಒಸಡು ಮಾಯ್ದು ಗಟ್ಟಿಯಾಗುವ ತನಕ ಹಲ್ಲಿನ ಸೆಟ್ ಕೂಡಿಸುವುದಿಲ್ಲ ಅಂದರು ಡಾಕ್ಟರು. ಅಂದರೆ ಇಡೀ ಚಳಿಗಾಲ ರೊಟ್ಟಿ ಬಂದ್. ಹುಟ್ಟಿದಾಗಿನಿಂದ ಎರಡೂ ಹೊತ್ತು ಬಿಳಿಜೋಳದ ರೊಟ್ಟಿ ತಿಂದ ಮನುಷ್ಯ, ಅನ್ನದ ಗಂಜಿ ಕೊಟ್ಟರೆ ಬಟ್ಟಲು ಸರಿಸುತ್ತಾನೆ. ಹಾಲು ಕುಡಿದರೆ ಹೊಟ್ಟೆ ಉಬ್ಬರ, ಚಳಿಯಲ್ಲಿ ಮಜ್ಜಿಗೆ ಬೇಡ, ತುಪ್ಪಕ್ಕೆ ಡಾಕ್ಟರು ಮೊದಲೇ ಕತ್ತರಿ ಹಾಕಿದ್ದಾರೆ, ತತ್ತಿ-ಮಾಂಸ ನಮ್ಮ ಮನೆಯಲ್ಲಿ ಇಲ್ಲ. ಉಳಿದದ್ದು ಹೊಲದಲ್ಲಿ ಬೆಳೆಯುವುದಷ್ಟೇ.

ಬೇಕಾದದ್ದು ಇಂಥ ಸೂಪು: ಅಗಿಯುವ ಪದಾರ್ಥ ಇರಬಾರದು, ಒಸಡಿನ ಗುಳಿಯಲ್ಲಿ ಸಿಕ್ಕಿಕೊಳ್ಳುವ ಬೀಜವೂ ಇರಬಾರದು. ಕುಡಿದರೆ ಮುಂದಿನ ಊಟದ ತನಕ ಹಸಿವು ತಡೆಯಬೇಕು. ನನ್ನ ಹೆಂಡತಿ ಜೇವರ್ಗಿ ಕಡೆಯ ಹಳ್ಳಿಯ ಸಾಲಿಗೆ ಏಳೂವರೆ ಬಸ್ಸಿಗೆ ಹೊರಡುತ್ತಾಳೆ, ನಾನು ಒಂಬತ್ತಕ್ಕೆ ಮೋಟರ್ ವೈಂಡಿಂಗ್ ಅಂಗಡಿ ತೆರೆಯುತ್ತೇನೆ. ಹಾಗಾಗಿ ಬೆಳಿಗ್ಗೆ ಮಾಡಿದ್ದು ಮಧ್ಯಾಹ್ನದ ತನಕ ಥರ್ಮಾಸಿನಲ್ಲಿ ಬಿಸಿಯಾಗಿರಬೇಕು. ಮಕ್ಕಳೂ ಅದನ್ನೇ ಕುಡಿಯಬೇಕು, ಎರಡೆರಡು ಅಡಿಗಿ ಮಾಡಲು ನಮ್ಮಲ್ಲಿ ಕೈ ಇಲ್ಲ.

ಸಾಮಾನು: 5 ಲೀಟರ್ ಕುಕ್ಕರ್, ಮಿಕ್ಸರ್, ಅವ್ವನ ಕಾಲದ ಕಡಗೋಲು, ಹಿಟ್ಟಿನ ಜರಡಿ, ಚಹಾ ಸೋಸುವ ಜರಡಿ, 1 ಲೀಟರ್ ಥರ್ಮಾಸ್. ಅಂಗಡಿಯಿಂದ ತಂದದ್ದು ತಾಮ್ರದ ತಂತಿ ತೂಗುವ ಡಿಜಿಟಲ್ ಕಾಟಾ. ಹೊಸದಾಗಿ ಕೊಂಡದ್ದು ಒಂದೇ, ಕಡ್ಡಿಯಂಥ ಅಡಿಗಿ ಥರ್ಮಾಮೀಟರ್, 350 ರೂಪಾಯಿ. ಅದನ್ನು ನೋಡಿ ಹೆಂಡತಿ, “ಇನ್ನ ಸೂಪಿಗೂ ಜ್ವರ ನೋಡ್ತೀರೇನ್ರಿ?” ಅಂದಳು. ಈಗ ಅವಳೇ ಹೆಚ್ಚು ಬಳಸುತ್ತಾಳೆ.

ಹಲ್ಲು ತೆಗೆಸಿದ ಮೊದಲ ದಿನ ಬಿಸಿ ಕೊಡಬೇಡಿ, ಸ್ಟ್ರಾ ಹಾಕಿ ಹೀರುವುದು ಬೇಡ, ಖಾರ ಬೇಡ ಎಂದು ಹೇಳಿ ಕಳಿಸಿದ್ದರು. ಹೀರಿದರೆ ಗಾಯದ ಮೇಲೆ ಕಟ್ಟಿದ ರಕ್ತದ ಹೆಪ್ಪು ಕಿತ್ತು ಬರುತ್ತದಂತೆ. ಆ ದಿನಗಳನ್ನು ತಣ್ಣನೆಯ ತೆಳ್ಳನೆ ಅಂಬಲಿ ಮೇಲೆ ಕಳೆದು, ನೋವು ಇಳಿದ ಮೇಲೆ ಒಲೆ ಹಚ್ಚಿದ್ದು.

ಹಂತ 1: ಹೋಟೆಲ್ ಮಾದರಿ

ಗಜ್ಜರಿ 100 ಗ್ರಾಂ, ಬೀನ್ಸ್ 50, ಕೋಬಿ 100, ಉಳ್ಳಾಗಡ್ಡಿ ಒಂದು, ನೀರು 1 ಲೀಟರ್, ಕಾರ್ನ್‌ಫ್ಲೋರ್ ಎರಡು ಚಮಚ, ಮೆಣಸಿನಪುಡಿ, ಉಪ್ಪು. ಎಲ್ಲ ಬೇಯಿಸಿ, ರುಬ್ಬಿ, ಸೋಸಿ, ಕಾರ್ನ್‌ಫ್ಲೋರ್ ಕದಡಿ ಹಾಕಿದೆ. ನೋಡಲು ಹೊಳಪಾಗಿತ್ತು. ಅರ್ಧ ತಾಸು ಕುದಿದ ಕೋಬಿ ಮನೆ ತುಂಬ ವಾಸನೆ ಎಬ್ಬಿಸಿತು. ಕೋಬಿಯನ್ನು ಐದಾರು ನಿಮಿಷಕ್ಕಿಂತ ಹೆಚ್ಚು ಬೇಯಿಸಿದರೆ ಅದರೊಳಗಿನ ಗಂಧಕದ ಅಂಶ ಹೀಗೇ ಹೊರಬೀಳುತ್ತದೆ.

ಅಪ್ಪ ಎರಡು ಚಮಚ ಕುಡಿದು, “ಏನಿದು, ದವಾಖಾನಿ ನೀರ್?” ಅಂದ. ಪೂರ್ತಿ ಕುಡಿಸಿದೆ. ಒಂದು ತಾಸಿಗೆ ಹಸಿವು ಅಂದ. ಅನ್ನದೆ ಏನು ಮಾಡ್ತಾನೆ, ಬಟ್ಟಲಲ್ಲಿ ಇದ್ದದ್ದು ನೀರು ಮತ್ತು ಪಿಷ್ಟ. ಉಳಿದದ್ದನ್ನು ಫ್ರಿಜ್ಜಿನಲ್ಲಿಟ್ಟು ಮರುದಿನ ತೆಗೆದರೆ ಮೇಲೆ ನೀರು, ಕೆಳಗೆ ಲೋಳೆ, ಎರಡೂ ಬೇರೆ. ಕುದಿಸಿದರೂ ಮೊದಲಿನ ಮೈ ಬರಲಿಲ್ಲ. ಕಾರ್ನ್‌ಫ್ಲೋರ್ ಅಲ್ಲಿಗೆ ಖಾತೆಯಿಂದ ಹೊರಗೆ.

ಹಂತ 2: ಬೇಳೆ ಬಂತು, ಮರಳೂ ಬಂತು

ತೊಗರಿ ನಾಡಾದ ಕಲಬುರಗಿಯಲ್ಲಿ ಕೂತು ಕಾರ್ನ್‌ಫ್ಲೋರ್ ಪೊಟ್ಟಣ ಹರಿದದ್ದೇ ವಿಚಿತ್ರ. ಇಲ್ಲಿಯ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ, ‘ಗುಲಬರ್ಗಾ ತೊಗರಿ ಬೇಳೆ’ ಎಂಬ ಹೆಸರಿನಲ್ಲಿ. ಗಂಜಿನಿಂದ (ಕಾಳು-ಕಡಿ ಮಾರ್ಕೆಟ್ಟಿನಿಂದ) ತಂದ ಬೇಳೆ ಡಬ್ಬಿಯಲ್ಲೇ ಇತ್ತು. 150 ಗ್ರಾಂ ತೊಳೆದು, ಗಜ್ಜರಿ, ಕುಂಬಳಕಾಯಿ, ಉಳ್ಳಾಗಡ್ಡಿ, ಎರಡು ಟಮಾಟಿ, ಲಿಂಬಿಕಾಯಿ ಗಾತ್ರದ ಹುಣಸಿಹಣ್ಣಿನ ರಸ ಎಲ್ಲ ಒಟ್ಟಿಗೆ ಕುಕ್ಕರಿಗೆ ಹಾಕಿ ಐದು ಸೀಟಿ ಕೂಗಿಸಿದೆ.

ತರಕಾರಿ ಬೆಂದಿತ್ತು. ಬೇಳೆ ಇಡಿ ಇಡಿ ನಿಂತಿತ್ತು, ಬೆರಳಲ್ಲಿ ಹಿಚುಕಿದರೆ ನಡುವೆ ಗಟ್ಟಿ. ಮತ್ತೆ ನಾಲ್ಕು ಸೀಟಿ. ಈಗ ಹಿಚುಕಿದರೆ ಒಡೆಯುತ್ತದೆ, ಆದರೆ ಕರಗುವುದಿಲ್ಲ. ಮಿಕ್ಸರಿಗೆ ಹಾಕಿದರೆ ನುಣ್ಣಗೆ ಕಂಡಿತು, ನಾಲಿಗೆಗೆ ಮಾತ್ರ ಸಣ್ಣ ಮರಳು ಹತ್ತಿದ ಹಾಗೆ. ಹಲ್ಲಿದ್ದವರಿಗೆ ಅದು ಗೊತ್ತೇ ಆಗುವುದಿಲ್ಲ. ಬರೀ ಒಸಡಿನವನಿಗೆ ಪ್ರತಿ ಕಾಳೂ ಗೊತ್ತಾಗುತ್ತದೆ.

ಪಕ್ಕದ ಮನೆಯ ಕಾಕು ಒಂದು ಚಿಟಿಕೆ ಸೋಡಾ ಹಾಕಲು ಹೇಳಿದರು. ಹಾಕಿದೆ. ಬೇಳೆ ಬೆಣ್ಣೆಯಾಯಿತು, ಸೂಪು ಸಾಬೂನಾಯಿತು. ಆ ಸಲ ಹಾಕಿದ್ದ ಪಾಲಕ ಹಸಿರು ಮಿಂಚಿದರೂ ಲೋಳೆ ಲೋಳೆ. ಸೋಡಾ ಬೇಳೆಯ ಬಿ1 ಜೀವಸತ್ವವನ್ನೂ ತಿಂದುಹಾಕುತ್ತದೆ. ಇದನ್ನೇ ನಂಬಿಕೊಂಡು ಎರಡು ತಿಂಗಳು ಬದುಕಬೇಕಾದವನ ಬಟ್ಟಲಿಗೆ ಅದು ಬೇಡವೆಂದು ಕೈಬಿಟ್ಟೆ.

ಹಂತ 3: ಮೂರು ಡಬ್ಬಿಯ ಪರೀಕ್ಷೆ

ಇಡೀ ಲೆಕ್ಕ ತಿರುಗಿದ್ದು ಇಲ್ಲಿ. ಆ ವಾರ ಅಂಗಡಿಗೆ ಒಂದು ಗೀಸರ್ ಬಂದಿತ್ತು. ಬಿಚ್ಚಿದರೆ ಕಾಯಿಲ್ ಸುತ್ತ ಬೆರಳು ದಪ್ಪದ ಬಿಳಿ ಪದರ. ಬೋರಿನ ನೀರು ಕಾಯಿಸುವ ಮನೆಗಳಿಂದ ಬರುವ ಗೀಸರೆಲ್ಲ ಹೀಗೇ, ಸುಣ್ಣ ಕಟ್ಟಿರುತ್ತದೆ. ಸುತ್ತಿಗೆಯಿಂದ ತಟ್ಟಿ ಬಿಡಿಸುವಾಗ ನೆನಪಾಯಿತು, ನಮ್ಮ ಅಡಿಗಿಮನಿಗೂ ಬೋರಿನ ನೀರೇ ಬರುತ್ತದೆ. ನಗರದ ನಳದ ನೀರು ದಿನಾ ಬರುವುದಿಲ್ಲ. ಬಂದಾಗ ಕುಡಿಯಲೆಂದು ಬೇರೆ ಕೊಡದಲ್ಲಿ ತುಂಬಿಡುತ್ತೇವೆ, ಬೇಳೆಗೆ ಯಾರೂ ಅದನ್ನು ಖರ್ಚು ಮಾಡುವುದಿಲ್ಲ.

ಮೋಟರ್ ಸುಟ್ಟು ಬಂದಾಗ ಮೂರೂ ಫೇಸ್ ಬಿಡಿಸಿ ಒಂದೊಂದಕ್ಕೇ ಮೀಟರ್ ಹಚ್ಚುತ್ತೇವಲ್ಲ, ಬೇಳೆಗೂ ಹಾಗೇ ಮಾಡಿದೆ. ಮೂರು ಸ್ಟೀಲ್ ಡಬ್ಬಿ. ಪ್ರತಿಯೊಂದರಲ್ಲೂ 40 ಗ್ರಾಂ ಬೇಳೆ, 160 ಮಿಲಿ ನೀರು, ಅರ್ಧ ತಾಸು ನೆನೆ. ಒಂದರಲ್ಲಿ ಬೋರಿನ ನೀರು. ಎರಡನೆಯದರಲ್ಲಿ ನಗರದ ನಳದ ನೀರು. ಮೂರನೆಯದರಲ್ಲಿ ನಳದ ನೀರಿಗೇ ಒಂದು ಚಮಚ ಹುಣಸಿ ರಸ. ಮೂರನ್ನೂ ಕುಕ್ಕರಿನಲ್ಲಿ ಕೂಡಿಸಿ, ಮೊದಲ ಸೀಟಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ 12 ನಿಮಿಷ.

ತೆಗೆದಾಗ ಬೋರಿನ ಡಬ್ಬಿ: ಕಾಳಿನ ಆಕಾರ ಉಳಿದಿದೆ, ಒತ್ತಿದರೆ ರವೆಯಾಗುತ್ತದೆ. ನಳದ ಡಬ್ಬಿ: ಕಡಗೋಲು ಎರಡು ಸಲ ತಿರುವಿದ್ದೇ ತಡ, ಗಟ್ಟಿ ಹಾಲಿನ ಹದ. ಹುಣಸಿ ಡಬ್ಬಿ: ಇಡಿ ಕಾಳು, ಬೋರಿನದಕ್ಕಿಂತ ಗಟ್ಟಿ!

ಎಂದರೆ ದೋಷ ಎರಡು. ನೀರಿನ ಸುಣ್ಣದಂಶ ಬೇಳೆಯ ಗೋಡೆ ಸಡಿಲಾಗಲು ಬಿಡುವುದಿಲ್ಲ, ಹುಳಿಯೂ ಬಿಡುವುದಿಲ್ಲ. ಹಂತ 2ರಲ್ಲಿ ಎರಡೂ ಒಂದೇ ಕುಕ್ಕರಿನಲ್ಲಿದ್ದವು. ಒಂಬತ್ತಲ್ಲ, ಹದಿನೈದು ಸೀಟಿ ಕೂಗಿಸಿದ್ದರೂ ಬೇಯುತ್ತಿರಲಿಲ್ಲ. ಅಂದಿನಿಂದ ಎರಡು ಕಟ್ಟುಪಾಡು: ಬೇಳೆಗೆ ನಳದ ನೀರು, ಹುಳಿ ಕಟ್ಟಕಡೆಗೆ.

ಇದನ್ನು ಬೀದರಿನ ಅಕ್ಕನಿಗೆ ಫೋನಿನಲ್ಲಿ ಹೇಳಿದೆ, ದೊಡ್ಡ ಶೋಧ ಮಾಡಿದವನ ಧಾಟಿಯಲ್ಲೇ. ಅವಳು, “ತಮ್ಮಾ, ಹುಳಿ ಕಡೀಕ ಹಾಕ್ಬೇಕಂತ ಅವ್ವ ನಿನಗ ಹೇಳಿರಲಿಲ್ಲಾ? ನೀ ಅಡಿಗಿಮನಿಗಿ ಬಂದಿದ್ದರ ಗೊತ್ತಾಗ್ತಿತ್ತು” ಅಂದಳು.

ಸೀಟಿ ಬಗ್ಗೆ ಇನ್ನೊಂದು ಮಾತು. ನಮ್ಮ ಕುಕ್ಕರಿನ ಗ್ಯಾಸ್ಕೆಟ್ ಒಂದು ಕಡೆ ಉಗಿ ಬಿಡುತ್ತದೆ. ಒಂದು ದಿನ ಐದು ಸೀಟಿಗೆ 14 ನಿಮಿಷ, ಇನ್ನೊಂದು ದಿನ 22. ಸೀಟಿ ಎಣಿಸುವುದನ್ನು ಬಿಟ್ಟು, ಮೊದಲ ಸೀಟಿಯಿಂದ ನಿಮಿಷ ನೋಡಿ. ಪಾಕವಿಧಾನ ಬರೆಯುವವರು ‘ಮೂರು ಸೀಟಿ’ ಎಂದು ಯಾವ ಧೈರ್ಯದ ಮೇಲೆ ಬರೆಯುತ್ತಾರೋ.

ಹಂತ 4: ಮಿಕ್ಸರ್ ಮುಚ್ಚಳ

ಬಿಸಿ ಸೂಪನ್ನು ಜಾರಿನ ಮುಕ್ಕಾಲು ತುಂಬಿ ಮುಚ್ಚಳ ಒತ್ತಿ ಗುಂಡಿ ತಿರುವಿದರೆ ಉಗಿ ಮುಚ್ಚಳವನ್ನು ಎತ್ತಿ ಎಸೆಯುತ್ತದೆ. ಗೋಡೆಯ ಮೇಲಿನ ಅರಿಶಿನದ ಕಲೆ ಇನ್ನೂ ಹೋಗಿಲ್ಲ, ಕೈಗೆ ಮಾತ್ರ ಏನೂ ಆಗಲಿಲ್ಲ. ಈಗ 60 ಡಿಗ್ರಿಗೆ ಇಳಿಸಿ, ಜಾರು ಅರ್ಧ ತುಂಬಿ, ಮುಚ್ಚಳದ ನಡುವಿನ ಸಣ್ಣ ಬಿರಡಿ ತೆಗೆದು ಅದರ ಮೇಲೆ ಬಟ್ಟೆ ಹಿಡಿದು, ಮೊದಲು ಚುಟುಕು ಚುಟುಕಾಗಿ ಓಡಿಸುತ್ತೇವೆ. ಬೇಳೆಗಂತೂ ಮಿಕ್ಸರ್ ಬೇಕಾಗಿಯೇ ಇಲ್ಲ, ಕಡಗೋಲು ಸಾಕು. ಗಜ್ಜರಿ, ಕುಂಬಳ, ಕಾಳಿಗೆ ಮಾತ್ರ ಮಿಕ್ಸರ್.

ಹಂತ 5: ಜೋಳದ ಹಿಟ್ಟು

ಬೇಳೆ ಕರಗಿತು, ರುಚಿ ಬಂತು, ಆದರೂ ಅಪ್ಪನ ತಕರಾರು ಮುಗಿಯಲಿಲ್ಲ. “ಇದರಾಗ ಜ್ವಾಳ ಎಲ್ಲದ?” ರೊಟ್ಟಿ ಕೊಡಲು ಆಗದಿದ್ದರೂ ರೊಟ್ಟಿಯ ಹಿಟ್ಟನ್ನು ಕೊಡಬಹುದಲ್ಲ.

ಮೊದಲ ಸಲ ಕುದಿಯುವ ಸೂಪಿಗೆ ಹಿಟ್ಟು ಉದುರಿಸಿದೆ. ಗಂಟು ಗಂಟು, ಗಂಟಿನೊಳಗೆ ಒಣ ಹಿಟ್ಟು. ಜರಡಿ ಹಿಡಿದರೆ ಹಿಟ್ಟೆಲ್ಲ ಜರಡಿಯಲ್ಲೇ ಉಳಿಯಿತು. ಆಮೇಲೆ ತಣ್ಣೀರಲ್ಲಿ ಕದಡಿ ಹಾಕಿ ಮೂರು ನಿಮಿಷಕ್ಕೆ ಇಳಿಸಿದೆ. ಗಂಟು ಇಲ್ಲ, ಹಸಿ ಹಿಟ್ಟಿನ ವಾಸನೆ ಇದೆ. ಮುಂದಿನ ಮಡಿಕೆಯಲ್ಲಿ ಹಿಟ್ಟನ್ನು ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಘಮ್ಮೆನ್ನುವ ತನಕ, ಬಣ್ಣ ತಿರುಗದ ಹಾಗೆ ಒಣ ಹುರಿದು, ಆರಿಸಿ, ತಣ್ಣೀರಲ್ಲಿ ಕದಡಿ, ಸೂಪು ಕುದಿಯುವಾಗ ಸಣ್ಣ ಧಾರೆಯಾಗಿ ಬಿಟ್ಟು 10 ನಿಮಿಷ ಕೈಯಾಡಿಸಿದೆ. ಅಂಬಲಿ ಮಾಡುವವರು ಯಾವಾಗಲೂ ಮಾಡುವುದು ಇದನ್ನೇ, ಹುರಿಯುವುದೊಂದು ನನ್ನದು.

ಅಳತೆ ಮೂರು ಬಗೆ ಹಿಡಿದು ನೋಡಿದೆ. ಲೀಟರಿಗೆ 12 ಗ್ರಾಂ ಹಾಕಿದರೆ ಇದ್ದೂ ಇಲ್ಲದಂತೆ. 30 ಗ್ರಾಂ ಹಾಕಿದರೆ ಒಲೆಯ ಮೇಲೆ ಸರಿ, ಥರ್ಮಾಸಿನಲ್ಲಿ ನಾಲ್ಕು ತಾಸಿಗೆ ಸುರಿಯಲಾರದಷ್ಟು ಗಟ್ಟಿ, ಚಮಚದಿಂದ ಕೆರೆದು ತೆಗೆಯಬೇಕಾಯಿತು. 18–20 ಗ್ರಾಂ ಹದ. ಜೋಳದ ಹಿಟ್ಟು ಹೊಸದಾಗಿ ಬೀಸಿದ್ದಿರಲಿ, ಹಳೆಯದಾದರೆ ಕಹಿ ನಾಲಿಗೆಗೆ ಬರುತ್ತದೆ.

ಈ ಮಡಿಕೆಯಿಂದ ಹಸಿವಿನ ದೂರು ನಿಂತಿತು. ಎಂಟಕ್ಕೆ ಕುಡಿದರೆ ಹನ್ನೆರಡೂವರೆಗೆ ಮತ್ತೆ ಕೇಳುತ್ತಾನೆ.

ಹಂತ 6: ಕುಸುಬಿ ಹಾಲು

ಹೋಟೆಲಿನ ಸೂಪಿಗೆ ಕೆನೆ ಹಾಕುತ್ತಾರೆ, ನಮಗೆ ಅದು ಬೇಡ. ನಮ್ಮ ಕಡೆ ಕುಸುಬಿ ಹಾಲಿದೆಯಲ್ಲ, ಹುಗ್ಗಿ ಮಾಡುತ್ತಾರಲ್ಲ, ಅದನ್ನೇ ಕೆನೆಯ ಜಾಗದಲ್ಲಿ ಹಾಕೋಣ ಎಂಬ ಯೋಚನೆ. 100 ಗ್ರಾಂ ಕುಸುಬಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ನೀರು ಚೆಲ್ಲಿ, 250 ಮಿಲಿ ನೀರಿನೊಂದಿಗೆ ರುಬ್ಬಿ, ಎರಡು ಮಡಿಕೆ ಬಟ್ಟೆಯಲ್ಲಿ ಹಿಂಡಿದೆ. 200 ಮಿಲಿಗಿಂತ ಸ್ವಲ್ಪ ಹೆಚ್ಚು ಬಿಳಿ ಹಾಲು ಬಂತು. ಸಿಪ್ಪೆಯ ಚೂರು ಬಟ್ಟೆಯಲ್ಲಿ ಮುಳ್ಳಿನ ಹಾಗೆ ಚುಚ್ಚುತ್ತದೆ, ಮಿಕ್ಸರ್ ಬ್ಲೇಡಿಗೂ ಅದು ಒಳ್ಳೆಯದಲ್ಲ.

ಹಾಲನ್ನು ಕುದಿಯುವ ಸೂಪಿಗೆ ಸುರಿದ ತಕ್ಷಣ ಒಡೆಯಿತು. ಹುಳಿ ಹಾಕಿಯಾಗಿತ್ತು. ಬಿಳಿ ಹರಳು ಹರಳಾಗಿ ತೇಲಿ, ಮಜ್ಜಿಗೆ ಒಡೆದ ಸಾರಿನ ರೂಪ. ರುಚಿ ಕೆಟ್ಟಿರಲಿಲ್ಲ, ಮಕ್ಕಳು ಕುಡಿದರು, ಅಪ್ಪನ ಬಾಯಿಗೆ ಮತ್ತೆ ಮರಳು. ಎರಡನೆಯ ಸಲ ಹುಳಿ ಹಾಕದೆ, ಒಲೆ ಆರಿಸಿ, 75 ಡಿಗ್ರಿಗೆ ಇಳಿದ ಮೇಲೆ ಕೈಯಾಡಿಸುತ್ತ ಬಿಟ್ಟೆ. ಒಡೆಯಲಿಲ್ಲ. ರೇಷ್ಮೆ ನುಣುಪು, ಒಳ್ಳೆ ಪರಿಮಳ. ಆದರೆ ಹುಳಿ ಇಲ್ಲದ ಸೂಪು ಸಪ್ಪೆ, ಸಪ್ಪೆಯಾದರೆ ಅಪ್ಪ ಉಪ್ಪು ಕೇಳುತ್ತಾನೆ, ಉಪ್ಪಿಗೆ ಬಿಪಿ ಅಡ್ಡ. ಅದೂ ಅಲ್ಲದೆ ಬೆಳಿಗ್ಗೆ ಆರಕ್ಕೆ ಕುಸುಬಿ ಹಿಂಡುತ್ತ ಕೂಡ್ರಲು ಯಾರಿಗೆ ಪುರುಸೊತ್ತು?

ಕೊನೆಗೆ ಶೇಂಗಾ. 30 ಗ್ರಾಂ ಹುರಿದು, ತಿಕ್ಕಿ, ಸಿಪ್ಪೆ ಪೂರ್ತಿ ಊದಿ, ಅರ್ಧ ಬಟ್ಟಲು ಬಿಸಿನೀರಲ್ಲಿ ರುಬ್ಬಿದ ಪೇಸ್ಟ್. ಹುಳಿಯ ಜೊತೆಗೂ ಒಡೆಯಲಿಲ್ಲ. ಸಿಪ್ಪೆ ಒಂದು ಚೂರು ಉಳಿದರೂ ಒಸಡಿಗೆ ಅಂಟುತ್ತದೆ, ಆ ಕೆಲಸ ಮಕ್ಕಳಿಗೆ ಬಿಡಬೇಡಿ, ಅರ್ಧ ತಿಂದು ಅರ್ಧ ಸುಲಿಯುತ್ತಾರೆ. ಕುಸುಬಿ ಎಣ್ಣೆಯಾಗಿ ಒಗ್ಗರಣೆಯಲ್ಲಿ ಉಳಿಯಿತು.

ಹಂತ 7: ಬೀಜವಿಲ್ಲದ ಒಗ್ಗರಣೆ

ಸಾಸಿವೆ, ಜೀರಿಗೆ ಹಲ್ಲು ಕಿತ್ತ ಗುಳಿಯೊಳಗೆ ಹೋಗಿ ಕೂತರೆ ತೆಗೆಯುವುದು ಕಷ್ಟ. ಒಗ್ಗರಣೆ ಬಿಟ್ಟರೆ ಮತ್ತೆ ದವಾಖಾನಿ ನೀರು. ಮಾಡಿದ್ದು ಇಷ್ಟು: 15 ಮಿಲಿ ಎಣ್ಣೆಯನ್ನು ಸಣ್ಣ ಉರಿಯಲ್ಲಿ ಇಟ್ಟು ಜೀರಿಗೆ, ಜಜ್ಜಿದ ಬಳ್ಳೊಳ್ಳಿ, ಅಲ್ಲ (ಹಸಿಶುಂಠಿ), ಕುಟ್ಟಿದ ಕರಿಮೆಣಸು, ಕರಿಬೇವು ಹಾಕಿ, ಬಳ್ಳೊಳ್ಳಿ ಹೊಂಬಣ್ಣಕ್ಕೆ ಬಂದಾಗ ಅರಿಶಿನ ಹಾಕಿ, ತಕ್ಷಣ ಚಹಾ ಜರಡಿಯಲ್ಲಿ ಸೋಸಿ ಎಣ್ಣೆ ಮಾತ್ರ ಸೂಪಿಗೆ. ಜರಡಿಯಲ್ಲಿ ಉಳಿದದ್ದು ನಮ್ಮ ಬಟ್ಟಲಿಗೆ. ಸ್ಟೀಲ್ ಜರಡಿಯೇ ಬೇಕು, ಪ್ಲಾಸ್ಟಿಕ್ಕಿನದು ಬಿಸಿ ಎಣ್ಣೆಗೆ ಕರಗಿತು, 30 ರೂಪಾಯಿ ದಂಡ.

ಕರಿಮೆಣಸು ಮೊದಲು 5 ಗ್ರಾಂ ಹಾಕಿದ್ದು ಒಸಡಿಗೆ ಉರಿ. 2 ಗ್ರಾಂಗೆ ಇಳಿಸಿದ ಮೇಲೆ ಗಂಟಲಿಗೆ ಬಿಸಿ ಹತ್ತುತ್ತದೆ, ಒಸಡಿಗೆ ಹತ್ತುವುದಿಲ್ಲ. ಹಸಿ ಮೆಣಸಿನಕಾಯಿ ಪೂರ್ತಿ ಬಿಟ್ಟಿದ್ದೇವೆ. ಅದಕ್ಕೆ ಅಪ್ಪನ ಒಪ್ಪಿಗೆ ಇಂದಿಗೂ ಇಲ್ಲ.

ಹಂತ 8: ಎಳ್ಳಮಾಸಿ ಭಜ್ಜಿ

ಹುಳಿ ಯಾವುದು ಎಂಬುದು ಉಳಿದಿತ್ತು. ಹುಣಸಿ ಹಾಕಿದರೆ ಸೂಪು ಸಾಂಬಾರಿನ ಕಡೆ ವಾಲುತ್ತದೆ. ಟಮಾಟಿಯ ಬೀಜ ಸೋಸುವುದು ಇನ್ನೊಂದು ಕೆಲಸ.

ಎಳ್ಳಮಾವಾಸ್ಯೆಗೆ ಅಕ್ಕನ ಹೊಲಕ್ಕೆ ಹೋದೆವು. ಚರಗ ಚೆಲ್ಲಿ (ಹೊಲಕ್ಕೆ ನೈವೇದ್ಯ ಎರಚಿ) ಬಂದು ಎಲ್ಲರೂ ಊಟಕ್ಕೆ ಕೂತಾಗ ಸಜ್ಜಿ ರೊಟ್ಟಿ, ಸಜ್ಜಿ ಕಡಬು, ಶೇಂಗಾ ಹೋಳಿಗಿ ಎಲ್ಲ ಅಪ್ಪನ ಎದುರಿಗೇ ದಾಟಿ ಹೋದವು. ಅಕ್ಕ ಭಜ್ಜಿಯ (ಕರಿದದ್ದಲ್ಲ, ಕಾಳು-ಸೊಪ್ಪು ಕೂಡಿಸಿ ಕುದಿಸಿದ್ದು) ಬೋಗೋಣಿಯ ಮೇಲಿನ ಗಟ್ಟಿ ರಸ ಎರಡು ಸೌಟು ಬಟ್ಟಲಿಗೆ ಹಾಕಿ ಕೊಟ್ಟಳು. ಅಪ್ಪ ಮೂರು ಬಟ್ಟಲು ಕುಡಿದ. ನಾನು ವಾರಗಟ್ಟಲೆ ಕಾಟಾ ಹಿಡಿದು ಹುಡುಕುತ್ತಿದ್ದದ್ದು ಆ ಬೋಗೋಣಿಯಲ್ಲಿ ಕುದಿಯುತ್ತಿತ್ತು. ನಮ್ಮ ಕಡೆಯ ಜಿಲ್ಲೆಗಳಲ್ಲಿ ಈ ಅಮಾವಾಸ್ಯೆಗೆ ಭಜ್ಜಿ ಇಲ್ಲದ ಹೊಲವಿಲ್ಲ. ಸೂಪು ಅನ್ನುವ ಹೆಸರು ಹಚ್ಚಿಲ್ಲ ಅಷ್ಟೇ.

ಅಕ್ಕನನ್ನು ಕೂಡಿಸಿಕೊಂಡು ಕ್ರಮ ಬರೆದುಕೊಂಡೆ. ಮೊದಲು ಹಸಿ ಕಾಳು ಬೇಯಬೇಕು: ತೊಗರಿ, ಅವರೆ, ವಟಾಣಿ, ಕಡ್ಲಿ, ಶೇಂಗಾ. ಆಮೇಲೆ ಗಜ್ಜರಿ, ಬದನಿಕಾಯಿ. ಆಮೇಲೆ ಸೊಪ್ಪು: ಮೆಂತೆ, ಪಾಲಕ, ರಾಜಗಿರಿ, ಉಳ್ಳಾಗಡ್ಡಿ ತಪ್ಪಲ. ಕಡ್ಲಿಹಿಟ್ಟು ಕದಡಿ ಹಾಕಿ ಕುದಿಸಿದ ಮೇಲೆ ಹುಳಿ. ಅವಳು ಹುಣಸಿ ಕಡಿಮೆ ಮಾಡಿ ಪುಂಡಿಪಲ್ಯ ಹೆಚ್ಚು ಹಾಕುತ್ತಾಳೆ. “ಹುಣಸಿ ಬರೀ ಹುಳಿ. ಪುಂಡಿ ಹುಳೀನೂ ಹೌದು, ಪಲ್ಯಾನೂ ಹೌದು” ಅಂದಳು.

ಮನೆಗೆ ಬಂದು ಪುಂಡಿ ಹಾಕಿದೆ. ರುಚಿ ಕೂಡಿತು, ಬಣ್ಣ ಮಾತ್ರ ಕೆಸರು. ಹುಳಿಯೊಳಗೆ ಬೆಂದ ಪಾಲಕ ಹಸಿರು ಕಳೆದುಕೊಳ್ಳುತ್ತದೆ, ಅದಕ್ಕೆ ಔಷಧ ಇಲ್ಲ. ಕುಂಬಳ ಮತ್ತು ಗಜ್ಜರಿ ಹೆಚ್ಚು ಮಾಡಿದರೆ ಕಂದು-ಹಳದಿಗೆ ತಿರುಗಿ ಕಣ್ಣಿಗೆ ತಡೆಯುತ್ತದೆ. ಮಕ್ಕಳು ಮೊದಲ ದಿನ ಮೂಗು ಮುರಿದರು. ಮುತ್ಯಾ ಕುಡಿಯುವುದನ್ನು ನೋಡಿ ಎರಡನೆಯ ದಿನ ಸುಮ್ಮನಾದರು.

ಹಂತ 9: ಈಗ ನಡೆಯುತ್ತಿರುವ ಅಳತೆ

ಸುಮಾರು 1.6 ಲೀಟರ್, ಐದು ಬಟ್ಟಲು.

ತೊಗರಿ ಬೇಳೆ 120 ಗ್ರಾಂ. ಗಜ್ಜರಿ 200, ಕುಂಬಳಕಾಯಿ 200, ಉಳ್ಳಾಗಡ್ಡಿ 100. ಸುಲಿದ ಹಸಿ ತೊಗರಿ ಕಾಳು 80 ಗ್ರಾಂ, ಇದಕ್ಕೆ ಕಾಯಿ 200 ಗ್ರಾಂ ತರಬೇಕು. ಪಾಲಕ-ಮೆಂತೆ ಸೇರಿ 100, ಮೆಂತೆ ಅದರಲ್ಲಿ ಕಾಲು ಭಾಗ ದಾಟಿದರೆ ಕಹಿ. ಪುಂಡಿ ಎಲೆ 40. ಜೋಳದ ಹಿಟ್ಟು 30, ಶೇಂಗಾ 30. ಬಳ್ಳೊಳ್ಳಿ 10, ಅಲ್ಲ 8, ಕರಿಮೆಣಸು 2, ಜೀರಿಗೆ 3, ಅರಿಶಿನ ಚಿಟಿಕೆ, ಉಪ್ಪು 8 ಗ್ರಾಂ. ಕುಸುಬಿ ಎಣ್ಣೆ 15 ಮಿಲಿ. ನಳದ ನೀರು 1.3 ಲೀಟರ್, ಎಲ್ಲ ಕೆಲಸಕ್ಕೂ ಸೇರಿ.

ಬೆಳಿಗ್ಗೆ 5:45ಕ್ಕೆ ಬೇಳೆ ನೆನೆ. ಅಷ್ಟರಲ್ಲಿ ತರಕಾರಿ ಹೆಚ್ಚುವುದು, ಸೊಪ್ಪು ತೊಳೆಯುವುದು. ಪುಂಡಿ, ಪಾಲಕ ಮೂರು ನೀರಲ್ಲಿ ತೊಳೆಯಿರಿ, ನಮ್ಮ ಎರೆ ಮಣ್ಣು ದೇಟಿನ ಸಂದಿಯಿಂದ ಒಂದೇ ನೀರಿಗೆ ಬಿಡುವುದಿಲ್ಲ. 6:15ಕ್ಕೆ ಬೇಳೆ 500 ಮಿಲಿ ನೀರಲ್ಲಿ ಕುಕ್ಕರಿನ ತಳಕ್ಕೆ, ಅದರ ಮೇಲೆ ಡಬ್ಬಿಯಲ್ಲಿ ಗಜ್ಜರಿ, ಕುಂಬಳ, ಉಳ್ಳಾಗಡ್ಡಿ, ಹಸಿ ಕಾಳು. ಮೊದಲ ಸೀಟಿಯಿಂದ 12 ನಿಮಿಷ, ಉಗಿ ತಾನಾಗಿ ಇಳಿಯಲಿ. ಬೇಳೆಗೆ ಕಡಗೋಲು. ಡಬ್ಬಿಯದನ್ನು ಆರಿಸಿ ರುಬ್ಬಿ ಹಿಟ್ಟಿನ ಜರಡಿಯಲ್ಲಿ ಒತ್ತಿ ಸೋಸುವುದು, ಹಸಿ ತೊಗರಿಯ ಸಿಪ್ಪೆ ಜರಡಿಯಲ್ಲಿ ಉಳಿಯುತ್ತದೆ. ಎರಡನ್ನೂ ಬೋಗೋಣಿಗೆ ಹಾಕಿ ಕುದಿ ಬಂದಾಗ ಜೋಳದ ಹಿಟ್ಟು, 10 ನಿಮಿಷ. ಬೇರೆ ಪಾತ್ರೆಯಲ್ಲಿ ಪಾಲಕ-ಮೆಂತೆ ಎರಡು ನಿಮಿಷ ಬಾಡಿಸಿ, ಪುಂಡಿ ಸೇರಿಸಿ ಮೆತ್ತಗಾದ ಮೇಲೆ ರುಬ್ಬಿ ಬೋಗೋಣಿಗೆ. ಶೇಂಗಾ ಪೇಸ್ಟ್, ಉಪ್ಪು, ಮೂರು ನಿಮಿಷದ ಕುದಿ, ಸೋಸಿದ ಒಗ್ಗರಣೆ. 7:15ರ ಒಳಗೆ ಮುಗಿಯುತ್ತದೆ, ಹೆಂಡತಿಗೆ ಬಸ್ಸು ಸಿಗುತ್ತದೆ.

ಖರ್ಚು ಕಣ್ಣಿ ಮಾರ್ಕೆಟ್ಟಿನ ಈ ಚಳಿಗಾಲದ ದರಕ್ಕೆ: ಬೇಳೆ 16, ಗಜ್ಜರಿ 8, ಕುಂಬಳ 6, ತೊಗರಿಕಾಯಿ 12, ಉಳ್ಳಾಗಡ್ಡಿ 4, ಸೊಪ್ಪು 15, ಪುಂಡಿ 5, ಹಿಟ್ಟು-ಶೇಂಗಾ 6, ಎಣ್ಣೆ-ಮಸಾಲಿ 9. ಒಟ್ಟು 81 ರೂಪಾಯಿ, ಬಟ್ಟಲಿಗೆ 16ರ ಲೆಕ್ಕ, ಗ್ಯಾಸ್ ಬಿಟ್ಟು. ಬೇಳೆ, ಕಾಳು, ಶೇಂಗಾ, ಜೋಳ ಕೂಡಿ ಮಡಿಕೆಯಲ್ಲಿ ಪ್ರೋಟೀನು 40 ಗ್ರಾಂ ಆಸುಪಾಸು ಬರುತ್ತದೆ. ಅಪ್ಪ ದಿನಕ್ಕೆ ಮೂರು ಬಟ್ಟಲು ಕುಡಿಯುತ್ತಾನೆ. ಅದೊಂದರಿಂದಲೇ ಆಗುವುದಿಲ್ಲ, ರಾತ್ರಿ ಮೆತ್ತಗಿನ ಹೆಸರುಬೇಳೆ ಕಿಚಡಿ ಇದ್ದೇ ಇದೆ.

ಹಂತ 10: ಥರ್ಮಾಸ್

ತಣ್ಣನೆಯ ಥರ್ಮಾಸಿಗೆ ಸೂಪು ಸುರಿದ ದಿನ ಹನ್ನೆರಡೂವರೆಗೆ 57 ಡಿಗ್ರಿ ಇತ್ತು. 60ಕ್ಕಿಂತ ಕೆಳಗೆ ಇಳಿದ ಬೇಳೆ ಪದಾರ್ಥವನ್ನು ತಾಸುಗಟ್ಟಲೆ ಇಡುವುದು ಸರಿಯಲ್ಲ, ಹುಳಿ ಹಿಡಿಯುತ್ತದೆ, ಹೊಟ್ಟೆ ಕೆಡುತ್ತದೆ. ಈಗ ಮೊದಲು ಕುದಿಯುವ ನೀರು ತುಂಬಿ 10 ನಿಮಿಷ ಬಿಟ್ಟು ಚೆಲ್ಲಿ, 90 ಡಿಗ್ರಿಯ ಸೂಪನ್ನು ಕುತ್ತಿಗೆಯ ತನಕ ತುಂಬುತ್ತೇವೆ. ಅದೇ ಹೊತ್ತಿಗೆ 66 ಡಿಗ್ರಿ ಸಿಗುತ್ತದೆ. ಅರ್ಧ ತುಂಬಿದರೆ ಅಷ್ಟು ನಿಲ್ಲುವುದಿಲ್ಲ. ಕುಡಿಯುವಾಗ ಬಟ್ಟಲಿಗೆ ಸುರಿದು 50ಕ್ಕೆ ಬರುವ ತನಕ ಕಾಯಬೇಕು. ಅಪ್ಪ ಕಾಯುವುದಿಲ್ಲ, ಮೊಮ್ಮಗ ಥರ್ಮಾಮೀಟರ್ ಹಿಡಿದು ಕಾವಲು ಕೂಡ್ರುತ್ತಾನೆ, ಸೂಟಿಯ ದಿನ.

ಉಳಿದ ಸೂಪನ್ನು ಅಗಲ ತಾಟಿಗೆ ಸುರಿದು ಬೇಗ ಆರಿಸಿ ಎರಡು ತಾಸಿನೊಳಗೆ ಫ್ರಿಜ್ಜಿಗೆ. ಮರುದಿನ ಗಟ್ಟಿಯಾಗಿರುತ್ತದೆ, ಬಟ್ಟಲಿಗೆ 60–70 ಮಿಲಿ ಬಿಸಿನೀರು ಸೇರಿಸಿ ಪೂರ್ತಿ ಕುದಿಸಿದರೆ ಮೊದಲಿನ ಹದ, ಕಾರ್ನ್‌ಫ್ಲೋರಿನ ಹಾಗೆ ನೀರು ಬಿಡುವುದಿಲ್ಲ. ಎರಡನೆಯ ದಿನ ದಾಟಿಸಬೇಡಿ.

ಬಾಕಿ ಇರುವುದು

ಥರ್ಮಾಸಿನ ಮುಚ್ಚಳದ ರಬ್ಬರಿಗೆ ಬಳ್ಳೊಳ್ಳಿ ವಾಸನೆ ಹಿಡಿದಿದೆ, ಬಿಸಿನೀರು, ಲಿಂಬಿ ಸಿಪ್ಪೆ ಯಾವುದಕ್ಕೂ ಬಗ್ಗಿಲ್ಲ. ಅದರಲ್ಲಿ ಇನ್ನು ಚಹಾ ಹಾಕುವಂತಿಲ್ಲ. ಹಸಿ ತೊಗರಿಕಾಯಿ ಮಾರ್ಕೆಟ್ಟಿನಲ್ಲಿ ಮುಗಿಯುತ್ತ ಬಂದಿದೆ, ಹೊಲದಲ್ಲಿ ರಾಶಿ ನಡೆದಿದೆ. ಅದರ ಜಾಗಕ್ಕೆ ನೆನೆಸಿದ ಹೆಸರುಕಾಳು ಒಮ್ಮೆ ಹಾಕಿ ನೋಡಿದೆ, ನಡೆಯುತ್ತದೆ, ಹಸಿ ಕಾಳಿನ ಸಿಹಿ ಇಲ್ಲ. ಸುಲಿದ ಕಾಳು 2 ಕಿಲೊ ಫ್ರೀಜರಿಗೆ ಹಾಕಿದ್ದೇವೆ, ಕುದಿನೀರಲ್ಲಿ ಎರಡು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಒರೆಸಿ. ಕುಕ್ಕರಿನ ಗ್ಯಾಸ್ಕೆಟ್ 5 ಲೀಟರಿನದೆಂದು ಕೇಳಿ ತಂದದ್ದು ಕೂಡಲಿಲ್ಲ, ಅದೇ ಕಂಪನಿಯದರಲ್ಲೂ ಒಳಮುಚ್ಚಳಕ್ಕೆ ಒಂದು, ಹೊರಮುಚ್ಚಳಕ್ಕೆ ಒಂದು ಅಳತೆಯಿದೆ. ಹಳೆಯದನ್ನು ಬಿಚ್ಚಿ ಕೈಯಲ್ಲಿ ಹಿಡಿದೇ ಅಂಗಡಿಗೆ ಹೋಗಬೇಕು.